ಶ್ರೀಶೈಲದ ದಾರಿಗೆ ಪಾದಗಳ ಸಿದ್ಧತೆ

ಪ್ರಶ್ನೆ: ನನಗೆ 52 ವರ್ಷ. ಬರುವ ಯುಗಾದಿಗೆ ನಮ್ಮೂರ ಕಂಬಿಯ, ಅಂದರೆ ಮಲ್ಲಯ್ಯನ ಕಾವಡಿ ಹೊತ್ತು ನಡೆಯುವ ಭಕ್ತರ ತಂಡದ, ಜೊತೆ ಶ್ರೀಶೈಲಕ್ಕೆ ಬರಿಗಾಲಲ್ಲಿ ನಡೆದು ಬರುವೆನೆಂದು ಮಲ್ಲಯ್ಯನಿಗೆ ಹರಕೆ ಹೊತ್ತಿದ್ದೇನೆ. ದಿನಕ್ಕೆ 30 ಕಿ.ಮೀ.ಗಿಂತ ಹೆಚ್ಚು ನಡೆಯಬೇಕಾಗುತ್ತದೆ ಎನ್ನುತ್ತಾರೆ. ಆರು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಹೊರಡಲು ಇನ್ನೂ ಮೂರು ತಿಂಗಳಿದೆ. ಸಿದ್ಧತೆ ಹೇಗಿರಬೇಕು?
– ಓದುಗರೊಬ್ಬರು, ಬಾಗಲಕೋಟೆ ಜಿಲ್ಲೆ

ಉತ್ತರ: ನೀವು ಖಂಡಿತ ಹೋಗಿಬನ್ನಿ, ಆದರೆ ಬರಿಗಾಲಲ್ಲಿ ಬೇಡ. ಸಕ್ಕರೆ ಕಾಯಿಲೆ ಹಳೆಯದಾದಂತೆ ಅನೇಕರಲ್ಲಿ ಪಾದದ ನರಗಳು ಮಂದವಾಗಿ, ಸುಟ್ಟದ್ದೂ ಚುಚ್ಚಿದ್ದೂ ತಿಳಿಯದಂತಾಗುತ್ತದೆ. ನಾನು ನಡೆದ ಒಂದು ವರ್ಷ ಆತ್ಮಕೂರಿನಲ್ಲಿ ಜೊತೆಗಾರರೊಬ್ಬರು ಸಂಜೆ ಕಾಲು ತೊಳೆಯಲು ಕುಳಿತಾಗ, ಅವರ ಹಿಮ್ಮಡಿಯಲ್ಲಿ ಜಾಲಿಮುಳ್ಳೊಂದು ಮುರಿದುಕೊಂಡಿರುವುದು ಮಗನ ಕಣ್ಣಿಗೆ ಬಿತ್ತು. ಬೆಳಗಿನಿಂದ ಅದರ ಮೇಲೆಯೇ ನಡೆದಿದ್ದರೂ ಅವರಿಗೆ ಗೊತ್ತಾಗಿರಲಿಲ್ಲ. ಮುಳ್ಳು ಕೀಳುವಾಗಲೂ ಅವರು ಮುಖ ಕಿವುಚಲಿಲ್ಲ, ಅದನ್ನು ಕಂಡೇ ನನಗೆ ಭಯವಾಯಿತು. ಯುಗಾದಿಯ ಹೊತ್ತಿಗೆ ಕಾದ ಡಾಂಬರು ರಸ್ತೆಯಂತೂ ಮುಳ್ಳಿಗಿಂತ ಕ್ರೂರ. ಕಂಬಿಯ ಹಿರಿಯರ ಮುಂದೆ, ನಿಮ್ಮ ಮನೆಯ ಅಯ್ಯನವರ ಮುಂದೆ ಇದನ್ನೆಲ್ಲ ಹೇಳಿ, ಹರಕೆಯನ್ನು ಬದಲಿಸಿಕೊಳ್ಳಿ.

ಈ ವಾರವೇ ವೈದ್ಯರಲ್ಲಿ ಹೋಗಿ ಪಾದದ ಸ್ಪರ್ಶಜ್ಞಾನವನ್ನೂ ರಕ್ತಸಂಚಾರವನ್ನೂ ಪರೀಕ್ಷಿಸಿಕೊಳ್ಳಿ. ಕೆಲವು ಮಾತ್ರೆಗಳು ದೀರ್ಘ ನಡಿಗೆಯೊಂದಿಗೆ ಸೇರಿ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲವಾದ್ದರಿಂದ, ಯಾತ್ರೆಯ ದಿನಗಳಲ್ಲಿ ಪ್ರಮಾಣ ಬದಲಿಸಬೇಕೇ ಎಂದು ಅವರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ. ಕೈನಡುಕ, ತಣ್ಣನೆಯ ಬೆವರು, ತಡೆಯಲಾಗದ ಹಸಿವು ಕಂಡರೆ ಕೂಡಲೇ ಕುಳಿತು ಮೂರು ಚಮಚ ಸಕ್ಕರೆ ತಿನ್ನಬೇಕು. ಅದರ ಪೊಟ್ಟಣ ಸಾಮಾನಿನ ಗಾಡಿಯಲ್ಲಿರದೆ ನಿಮ್ಮ ಜೇಬಿನಲ್ಲಿಯೇ ಇರಲಿ. ದಾರಿಯ ದಾಸೋಹಗಳಲ್ಲಿ ಹುಗ್ಗಿ, ಮಾದಲಿಯಂಥ ಸಿಹಿಗಳನ್ನು ಅಕ್ಕರೆಯಿಂದ ಬಡಿಸುತ್ತಾರೆ. ಒಂದು ತುತ್ತನ್ನು ಪ್ರಸಾದವೆಂದು ಸ್ವೀಕರಿಸಿ, ಹೊಟ್ಟೆಗೆ ರೊಟ್ಟಿ, ಪಲ್ಯ, ಉಪ್ಪು ಬೆರೆಸಿದ ಮಜ್ಜಿಗೆ ಕೇಳಿ ಪಡೆಯಿರಿ.

ಬೂಟುಗಳನ್ನು ಈಗಲೇ, ಪಾದ ಸ್ವಲ್ಪ ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲಿ ಕೊಂಡುಕೊಳ್ಳಿ. ಬೆರಳುಗಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ದಿನಕ್ಕೆ 5 ಕಿ.ಮೀ.ಯಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಿ. ಒಂದೇ ದಿನ ದೂರ ನಡೆದು ಮೂರು ದಿನ ಮಲಗುವುದರಿಂದ ಲಾಭವಿಲ್ಲ, ಏಕೆಂದರೆ ಯಾತ್ರೆಯ ಕಷ್ಟವಿರುವುದು ನಿನ್ನೆಯ ನೋವಿನ ಮೇಲೆ ಇಂದು ಮತ್ತೆ ನಡೆಯುವುದರಲ್ಲಿ. ಕೊನೆಯ ತಿಂಗಳಲ್ಲಿ ಬೆನ್ನುಬೆನ್ನಿಗೆ ಎರಡು ದಿನ 20 ಕಿ.ಮೀ. ದಾಟಿ ನೋಡಿ, ಹೊರಡುವ ಮುಂಚಿನ ವಾರ ಕಡಿಮೆ ಮಾಡಿ. ಎಲ್ಲಿಯಾದರೂ ಚರ್ಮ ಬಿಸಿಯಾಗಿ ಉಜ್ಜಿದಂತಾದರೆ ಮುಂದಿನ ಊರಿಗಾಗಿ ಕಾಯದೆ ಅಲ್ಲಿಯೇ ನಿಂತು ಪಟ್ಟಿ ಅಂಟಿಸಿ. ಎದ್ದ ಬೊಬ್ಬೆಯನ್ನು ನೀವಾಗಿ ಸೂಜಿಯಿಂದ ಚುಚ್ಚಬೇಡಿ. ಪ್ರತಿ ಸಂಜೆ ಚಿಕ್ಕ ಕನ್ನಡಿಯೊಂದನ್ನು ನೆಲದ ಮೇಲಿಟ್ಟು ಅಂಗಾಲನ್ನೂ ಬೆರಳುಗಳ ಸಂದನ್ನೂ ನೋಡಿಕೊಳ್ಳಿ.

ವೆಂಕಟಾಪುರ ದಾಟಿದ ಮೇಲೆ ನಲ್ಲಮಲದ ಅಡವಿ. ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳಗಳ ಆ ಕಲ್ಲುದಾರಿಯಲ್ಲಿ ಏರುವಾಗ ಉಸಿರು ಸೋತರೆ, ಇಳಿಯುವಾಗ ಮೊಣಕಾಲು ಸೋಲುತ್ತವೆ. ಉಗುರು ಉದ್ದವಿದ್ದರೆ ಬೂಟಿನ ತುದಿಗೆ ತಾಗಿ ಕಪ್ಪಾಗುತ್ತವೆ, ಮೊದಲೇ ಕತ್ತರಿಸಿಕೊಳ್ಳಿ. ಬಾದಾಮಿಯ ಕೋಟೆಯ ಮೆಟ್ಟಿಲುಗಳು ನಿಮ್ಮ ಜಿಲ್ಲೆಯಲ್ಲಿಯೇ ಇವೆ. ವಾರಕ್ಕೊಮ್ಮೆ ಕೋಲು ಹಿಡಿದು ಅವನ್ನು ಹತ್ತಿ, ಇಳಿಯುವಾಗ ಅವಸರ ಮಾಡದೆ ಹೆಜ್ಜೆಯಿಡುವುದನ್ನು ರೂಢಿಸಿಕೊಳ್ಳಿ.