ಪ್ರ: ಫ್ರೆಂಚ್ ಕ್ರಾಂತಿಗೆ ಕಾರಣ ಸಾಲವೋ, ಬ್ರೆಡ್ಡಿನ ಬೆಲೆಯೋ?
ಎರಡೂ ಹೌದು, ಆದರೆ ಎರಡರ ಕೆಲಸ ಬೇರೆ ಬೇರೆ. ಪರೀಕ್ಷೆಯಲ್ಲಿ ಇವನ್ನು ಒಟ್ಟಿಗೆ ಕಲಸಿ ಬರೆದರೆ ಉತ್ತರ ತೇಲಿಹೋಗುತ್ತದೆ.

ದೊರೆ 16ನೇ ಲೂಯಿಯ ಕೈಕಟ್ಟಿದ್ದು ಸಾಲ. 1788ರ ಲೆಕ್ಕದಲ್ಲಿ ಸರ್ಕಾರದ ಖರ್ಚಿನಲ್ಲಿ ಅರ್ಧದಷ್ಟು ಹಳೆಯ ಸಾಲ ಮತ್ತು ಅದರ ಬಡ್ಡಿ ತೀರಿಸುವುದಕ್ಕೇ ಹೋಗುತ್ತಿತ್ತು. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ, ಆಗ ಹಣಕಾಸು ನೋಡಿಕೊಳ್ಳುತ್ತಿದ್ದ ನೆಕ್ಕರ್ ತೆರಿಗೆ ಏರಿಸದೆ ಸಾಲ ಎತ್ತಿದ್ದ. ಮೇಲಾಗಿ 1781ರಲ್ಲಿ ಯುದ್ಧದ ವಿಶೇಷ ಖರ್ಚನ್ನು ಬಿಟ್ಟು ಉಳಿತಾಯದ ಲೆಕ್ಕ ಪ್ರಕಟಿಸಿದ. ಹಾಗಾಗಿ 1787ರಲ್ಲಿ ಆಗಿನ ಹಣಕಾಸು ಮಂತ್ರಿ ಕಲೋನ್ ಎಲ್ಲ ಜಮೀನಿಗೂ ತೆರಿಗೆ ಹಾಕೋಣ ಎಂದಾಗ ಶ್ರೀಮಂತರು ನಂಬಲೇ ಇಲ್ಲ. 1788ರ ಆಗಸ್ಟ್‌ನಲ್ಲಿ ಖಜಾನೆ ಪಾವತಿ ನಿಲ್ಲಿಸಿತು. (ಟಿಪ್ಪುವಿನ ರಾಯಭಾರಿಗಳು ಸೈನ್ಯದ ನೆರವು ಕೇಳಲು ವರ್ಸೈ ಅರಮನೆಯಲ್ಲಿ 16ನೇ ಲೂಯಿಯನ್ನು ಕಂಡದ್ದೂ ಅದೇ ತಿಂಗಳು. ಸೈನ್ಯ ಎಲ್ಲಿಂದ ಸಿಗಬೇಕು!) ಪಾದ್ರಿಗಳು, ಶ್ರೀಮಂತರು, ಸಾಮಾನ್ಯರು ಎಂಬ ಮೂರು ವರ್ಗಗಳ ಪ್ರತಿನಿಧಿಗಳ ಮಹಾಸಭೆ (ಎಸ್ಟೇಟ್ಸ್ ಜನರಲ್) ಕರೆಯುವುದು ಅನಿವಾರ್ಯವಾಯಿತು.

ಜನರನ್ನು ಬೀದಿಗೆ ತಂದದ್ದು ಬ್ರೆಡ್ಡು. 1788ರ ಜುಲೈನ ಆಲಿಕಲ್ಲು ಮಳೆಗೆ ಬೆಳೆ ನೆಲಕಚ್ಚಿತು. ಪ್ಯಾರಿಸ್‌ನಲ್ಲಿ ಸುಮಾರು 9 ಸೂ (ಆಗಿನ ಫ್ರೆಂಚ್ ಚಿಲ್ಲರೆ ನಾಣ್ಯ) ಇದ್ದ ನಾಲ್ಕು ಪೌಂಡಿನ ಬ್ರೆಡ್ಡು 1789ರ ಫೆಬ್ರವರಿಗೆ 14.5 ಸೂ ಆಯಿತು.

ವ್ಯಕ್ತಿಗಳ ವಿಷಯ: 1789ಕ್ಕೆ ಸಾಮಾನ್ಯರ ವರ್ಗದ ಪರ ನಿಂತ ನಾಯಕರಾದ ಸೀಯೆಸ್, ಮಿರಾಬೋ ಹೆಸರು ಬರೆಯಿರಿ. ಮುಂದೆ ಕ್ರಾಂತಿಯ ದೊಡ್ಡ ನಾಯಕನಾದ ರೋಬ್ಸ್‌ಪಿಯರ್ ಆಗಿನ್ನೂ ಆರಾಸ್ ಊರಿನ ಒಬ್ಬ ಸಾಮಾನ್ಯ ಪ್ರತಿನಿಧಿ. ಜನ ಪ್ಯಾರಿಸ್‌ನ ಕೋಟೆ-ಸೆರೆಮನೆ ಬಾಸ್ಟೀಲ್‌ಗೆ ನುಗ್ಗಿದ್ದು ಮುಖ್ಯವಾಗಿ ಮದ್ದಿನಪುಡಿಗಾಗಿ. ಒಳಗಿದ್ದ ಕೈದಿಗಳು ಬರೀ 7 ಜನ.