ಚರ್ಚ್ ಅಂಗಳದ ಮೋಟುಗಂಬ: ಅದು ಹಳೆಯ ಶಿಲುಬೆಯೇ?

ಪ್ರಶ್ನೆ: ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿರುವ ಮಗಳ ಮನೆಗೆ ಬಂದಿದ್ದೇವೆ. ಹಳ್ಳಿಯ ಚರ್ಚಿನ ದಕ್ಷಿಣಕ್ಕೆ ಮೂರು ಮೆಟ್ಟಿಲು, ಅದರ ಮೇಲೊಂದು ಚೌಕ ಕಲ್ಲು, ಅದರಲ್ಲಿ ಸೊಂಟದೆತ್ತರದ ಮುರಿದ ಕಂಬ ಇದೆ. ಮಧ್ಯಯುಗದ ಶಿಲುಬೆ ಎನ್ನುತ್ತಾರೆ. ಗುರುತಿಸುವುದು ಹೇಗೆ? ಪಾಚಿ ಉಜ್ಜಿದರೆ ಅಕ್ಷರ ಕಂಡೀತೇ?

ಉತ್ತರ: ಉಜ್ಜಲೇಬೇಡಿ. ಆ ಭಾಗದ ಸುಣ್ಣಕಲ್ಲು ಮೃದು. ತಂತಿ ಬ್ರಷ್, ಆ್ಯಸಿಡ್, ಒತ್ತಡದ ನೀರು ಯಾವುದೇ ಬಳಸಿದರೂ ಪಾಚಿಯ ಜೊತೆ ಉಳಿಯ ಗುರುತೂ ಹೋಗುತ್ತದೆ. ಅಷ್ಟಕ್ಕೂ 14–15ನೇ ಶತಮಾನದ ಇಂಥ ಶಿಲುಬೆಗಳಲ್ಲಿ ಬರಹ ಅಪರೂಪ. ಸವೆದ ಕೆತ್ತನೆ ಇದ್ದರೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿಯಿರಿ, ನೆರಳಿನಲ್ಲಿ ಎದ್ದು ಕಾಣುತ್ತದೆ.

ಕಂಬಕ್ಕಿಂತ ಪೀಠದ ಕಲ್ಲನ್ನೇ ಹೆಚ್ಚು ಹೊತ್ತು ನೋಡಿ. ಸಾಮಾನ್ಯವಾಗಿ ಅದು ಒಂದೇ ಕಲ್ಲು, 75ರಿಂದ 90 ಸೆಂ.ಮೀ. ಚೌಕ. ಮೇಲಿನ ಮೂಲೆಗಳನ್ನು ಕಡಿದು ಎಂಟು ಮುಖ ಮಾಡಿರುತ್ತಾರೆ. ನಡುವಿನ ಕುಳಿಗೆ ಕಂಬದ ಬುಡ ಇಳಿಸಿ ಸಂದಿಗೆ ಕರಗಿದ ಸೀಸ ಹೊಯ್ಯುತ್ತಿದ್ದರು. ಆ ಬೂದುಬಣ್ಣದ ಅಂಚು ಎಷ್ಟೋ ಕಡೆ ಈಗಲೂ ಇದೆ. ಕಂಬದ ಬುಡ 30–40 ಸೆಂ.ಮೀ. ಚೌಕವಿದ್ದು, ಸ್ವಲ್ಪ ಮೇಲೆ ಎಂಟು ಮುಖಕ್ಕೆ ತಿರುಗಿ, ಏರುತ್ತ ಸಣ್ಣಗಾಗಬೇಕು. ಪೀಠ ಸವೆದು ಕಂಬದ ಅಂಚು ಮಾತ್ರ ಚೂಪಾಗಿದ್ದರೆ ಅನುಮಾನಿಸಿ. ಮೊದಲ ಮಹಾಯುದ್ಧದ ನಂತರ ಹಳೆ ಪೀಠದ ಮೇಲೆ ಹೊಸ ಕಂಬ ನೆಟ್ಟು ಯೋಧರ ಸ್ಮಾರಕ ಮಾಡಿದ ಊರುಗಳಿವೆ. ಮೋಟಿನ ತಲೆ ಸಮತಟ್ಟಾಗಿದ್ದು ಮೊಳೆತೂತುಗಳಿದ್ದರೆ ಅಲ್ಲಿ ಯಾವಾಗಲೋ ನೆರಳು ಗಡಿಯಾರ ಕೂರಿಸಿದ್ದಿರಬಹುದು.

ಶಿಲುಬೆಯ ತಲೆ ಎಲ್ಲಿ ಹೋಯಿತು? 1643ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟು ಇವನ್ನೆಲ್ಲ ತೆಗೆಯಲು ಆಜ್ಞೆ ಹೊರಡಿಸಿತು. ಹಾಗೆಂದು ಪ್ರತಿಯೊಂದು ಮೋಟಿಗೂ ಆಗಿನ ಅಂತರ್ಯುದ್ಧದಲ್ಲಿ ಪಾರ್ಲಿಮೆಂಟಿನ ಪರ ದಂಡನಾಯಕನಾಗಿದ್ದ ಕ್ರಾಮ್‌ವೆಲ್‌ನ ಸೈನಿಕರೇ ಕಾರಣ ಎನ್ನುವ ಮಾತನ್ನು ಪೂರ್ತಿ ನಂಬಬೇಡಿ. ತೆಳ್ಳನೆಯ ಕಂಬದ ತುದಿಯಲ್ಲಿ ಭಾರದ ತಲೆ ಇದ್ದಾಗ ಗಾಳಿ, ಹಿಮವೂ ಸಾಕು. ನಿಮ್ಮ ಜಿಲ್ಲೆಯದೇ ಆದ ಆಂಪ್ನಿ ಕ್ರೂಸಿಸ್‌ನಲ್ಲಿ ತಲೆಯನ್ನು ಚರ್ಚಿನ ಗೋಡೆಯೊಳಗೆ ಮುಚ್ಚಿಟ್ಟಿದ್ದರು. 19ನೇ ಶತಮಾನದಲ್ಲಿ ಅದು ಸಿಕ್ಕಿ ಮತ್ತೆ ಕಂಬವೇರಿತು. ನಿಮ್ಮಲ್ಲಿಯೂ ಬಾಗಿಲ ಮುಖಮಂಟಪ, ಕಾಂಪೌಂಡ್ ಗೋಡೆಗಳಲ್ಲಿ ಎಂಟು ಮುಖದ ತುಂಡೋ ಮೂರ್ತಿಯ ಚೂರೋ ಇದೆಯೇ ಎಂದು ಕಣ್ಣಾಡಿಸಿ. ಕಿತ್ತು ತೆಗೆಯಬೇಡಿ, ಅಳತೆಪಟ್ಟಿ ಇಟ್ಟು ಫೋಟೊ ತೆಗೆದರೆ ಸಾಕು.

ಬಿರುಕು ಕಂಡರೆ ಹಳೆಯ ರಿಪೇರಿಯನ್ನು ಮೊದಲು ಶಂಕಿಸಿ. ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬಿ ಕಲ್ಲನ್ನು ಸೀಳುತ್ತದೆ. ಸಂದಿಗೆ ಮೆತ್ತಿದ ಸಿಮೆಂಟು ತೇವವನ್ನು ಒಳಗೇ ಹಿಡಿದಿಡುತ್ತದೆ, ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಕಲ್ಲಿನ ಮೇಲ್ಪದರ ಚಕ್ಕೆ ಏಳುತ್ತದೆ. ಇಲ್ಲಿ ಬೇಕಾದದ್ದು ಸುಣ್ಣದ ಗಾರೆ, ಸ್ಟೇನ್‌ಲೆಸ್ ಸ್ಟೀಲ್ ಸರಳು. ಆದರೆ ಇಂಥ ಶಿಲುಬೆಗಳಲ್ಲಿ ಅನೇಕವು 1979ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಸಂರಕ್ಷಿತ. ಅನುಮತಿಯಿಲ್ಲದೆ ಗಾರೆ ಹಾಕುವುದೂ ಅಪರಾಧವಾದೀತು. ಇಂಗ್ಲೆಂಡಿನ ರಾಷ್ಟ್ರೀಯ ಪರಂಪರೆ ಪಟ್ಟಿಯಲ್ಲಿ ಊರಿನ ಹೆಸರು ಹಾಕಿ ಹುಡುಕಿ. ಶಿಲುಬೆ ಅಲ್ಲಿ ದಾಖಲಾಗಿದ್ದರೆ ಕಾಲ, ಅಳತೆ ಎರಡೂ ಸಿಗುವ ಸಂಭವ ಹೆಚ್ಚು. ದುರಸ್ತಿಯ ಮಾತನ್ನು ಚರ್ಚಿನ ಪಾದ್ರಿಯವರ ಬಳಿಯೇ ಎತ್ತಿ.