ಬಿಳಿ ಷರಟಿನ ಹುಡುಗರು ಬಾಗಿಲು ತಟ್ಟಿದರೆ

ಬೆಂಗಳೂರಿನಿಂದ ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ ಪಕ್ಕದ ವೆಸ್ಟ್ ವ್ಯಾಲಿ ಸಿಟಿಗೆ ಬಂದು ಇನ್ನೂ ತಿಂಗಳಾಗಿಲ್ಲ, ಆಗಲೇ ಎರಡು ಸಲ ಬಾಗಿಲು ತಟ್ಟಿದ್ದಾರೆ ಅಂತ ಬರೆದಿದ್ದೀರಿ. ಬಿಳಿ ಷರಟು, ಟೈ, ಎದೆ ಮೇಲೆ ಕಪ್ಪು ಹೆಸರಪಟ್ಟಿ, ನಿಮ್ಮ ಮುಖ ನೋಡಿ ಮೊದಲು ಸ್ಪ್ಯಾನಿಷ್‌ನಲ್ಲಿ ಮಾತು. ಇವರು ಯಾರು, ಒಳಗೆ ಕರೆಯಬಹುದಾ, ಇವರ ಉಚಿತ ಇಂಗ್ಲಿಷ್ ತರಗತಿಗೆ ಅಮ್ಮನನ್ನು ಕಳಿಸಬಹುದಾ ಅಂತ ಕೇಳಿದ್ದೀರಿ. ಕರೆಯಬಹುದು, ಕಳಿಸಲೂಬಹುದು. ಆದರೆ ಅವರ ಕಟ್ಟುಪಾಡು ಏನು ಅಂತ ಮೊದಲೇ ಗೊತ್ತಿದ್ದರೆ ಯಾರಿಗೂ ಮುಜುಗರ ಆಗಲ್ಲ.

ಇವರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್‌ನ ಮಿಷನರಿಗಳು. ಜನರ ಬಾಯಲ್ಲಿ ಮಾರ್ಮನ್ ಅಂತಲೇ ಇದ್ದರೂ, ಪೂರ್ತಿ ಹೆಸರನ್ನೇ ಬಳಸಿ ಅಂತ 2018ರಿಂದ ಚರ್ಚಿನವರು ಕೇಳಿಕೊಳ್ಳುತ್ತಿದ್ದಾರೆ. ಹುಡುಗರು 18 ತುಂಬಿದ ಮೇಲೆ ಹೊರಟು 2 ವರ್ಷ ಇರುತ್ತಾರೆ, ಹುಡುಗಿಯರಿಗೆ 18 ತಿಂಗಳು. ಒಬ್ಬರನ್ನು ಮತಾಂತರ ಮಾಡಿದರೆ ಇಷ್ಟು ದುಡ್ಡು ಸಿಗುತ್ತೆ ಅನ್ನೋ ಮಾತು ನಮ್ಮವರಲ್ಲಿ ಓಡಾಡುತ್ತೆ. ಅದು ಸುಳ್ಳು. ಸಂಬಳವೇ ಇಲ್ಲ. ಅಮೆರಿಕದ ಹುಡುಗನಾದರೆ ಅವನೋ ಅವನ ಮನೆಯವರೋ ತಿಂಗಳಿಗೆ 500 ಡಾಲರ್ ಕಟ್ಟಬೇಕು, 2020ರ ಜುಲೈಗೆ ಮುಂಚೆ ಅದು 400 ಇತ್ತು. ಊರು, ಭಾಷೆ ಎರಡೂ ಅವರ ಆಯ್ಕೆಯಲ್ಲ. ಸ್ಪ್ಯಾನಿಷ್ ಅಂತ ಚರ್ಚಿನಿಂದ ಪತ್ರ ಬಂದರೆ ಕೆಲವು ವಾರ ತರಬೇತಿ ಮುಗಿಸಿ ಸೀದಾ ಬೀದಿಗೆ ಇಳಿಯೋದೇ. ವೆಸ್ಟ್ ವ್ಯಾಲಿಯಲ್ಲಿ ಲ್ಯಾಟಿನೋ, ಟೋಂಗಾ, ಸಮೋವಾ, ವಿಯೆಟ್ನಾಂ ಕಡೆಯ ಕುಟುಂಬಗಳು ಬಹಳ. ಹಾಗಾಗಿ ಒಂದೇ ಬಡಾವಣೆಗೆ ಇಂಗ್ಲಿಷ್ ಜೋಡಿ ಬೇರೆ, ಸ್ಪ್ಯಾನಿಷ್ ಜೋಡಿ ಬೇರೆ ಇರಬಹುದು. ನಿಮಗೆ ಸ್ಪ್ಯಾನಿಷ್ ಬರಲ್ಲ ಅಂತ ಗೊತ್ತಾದ ಮೇಲೆ ನಿಮ್ಮ ನಂಬರ್ ಇಂಗ್ಲಿಷ್ ಜೋಡಿಗೆ ಹೋಗುತ್ತೆ. ಎರಡನೇ ಸಲ ಬೇರೆ ಮುಖ ಬಂದಿದ್ದರೆ ಕಾರಣ ಅದೇ ಇರಬೇಕು.

ದಿನಚರಿ ನಮ್ಮ ಹಾಸ್ಟೆಲ್ ವಾರ್ಡನ್‌ಗಳೇ ನಾಚುವ ಹಾಗಿದೆ. ಬೆಳಗ್ಗೆ ಆರೂವರೆಗೆ ಏಳಬೇಕು, ಅರ್ಧ ಗಂಟೆ ವ್ಯಾಯಾಮ, ಆಮೇಲೆ ಓದು. ಭಾಷೆ ಕಲಿಯುತ್ತಿದ್ದರೆ ಅದರ ಅಭ್ಯಾಸ ಬೇರೆ. ಹತ್ತರ ಹೊತ್ತಿಗೆ ಹೊರಗೆ, ರಾತ್ರಿ ಒಂಬತ್ತು ಒಂಬತ್ತೂವರೆಗೆ ವಾಪಸ್, ಹತ್ತೂವರೆಗೆ ದೀಪ ಆರಿಸಬೇಕು. 2017ರಿಂದ ಈ ಹೊತ್ತುಗಳಲ್ಲಿ ಸ್ವಲ್ಪ ಸಡಿಲ ಕೊಟ್ಟಿದ್ದಾರೆ, ಅಷ್ಟೇ. ವಾರಕ್ಕೆ ಒಂದು ದಿನ, ಸಾಮಾನ್ಯವಾಗಿ ಸೋಮವಾರ, ಬಟ್ಟೆ ಒಗೆಯೋಕೆ, ದಿನಸಿ ತರೋಕೆ, ಮನೆಗೆ ಫೋನ್ ಮಾಡೋಕೆ. ವಾರವಾರ ಫೋನ್ ಮಾಡಲು ಬಿಟ್ಟಿದ್ದೇ 2019ರ ಫೆಬ್ರವರಿಯಲ್ಲಿ. ಅದಕ್ಕೆ ಮುಂಚೆ ವಾರಕ್ಕೊಂದು ಇಮೇಲ್, ಕ್ರಿಸ್‌ಮಸ್ ಮತ್ತು ಅಮ್ಮಂದಿರ ದಿನಕ್ಕೆ ಮಾತ್ರ ದನಿ ಕೇಳುವ ಭಾಗ್ಯ. ಯಾವಾಗಲೂ ಇಬ್ಬರೇ, ಒಬ್ಬರ ಕಣ್ಣಳತೆಯಲ್ಲಿ ಇನ್ನೊಬ್ಬರು. ನಿಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗಿನಲ್ಲಿ ಗಮನಿಸಿ: ಕಾರು ಹಿಂದಕ್ಕೆ ತೆಗೆಯುವಾಗ ಒಬ್ಬ ಇಳಿದು, ಹಿಂದೆ ನಿಂತು, ನಮ್ಮ ಬಸ್ ಕಂಡಕ್ಟರ್ ಥರ ಕೈ ಬೀಸುತ್ತಾನೆ. ಅದೂ ನಿಯಮವೇ.

ಈಗ ನಿಮಗೆ ಬೇಕಾದ ವಿಷಯ. ಹಗಲು ಮನೆಯಲ್ಲಿ ನಿಮ್ಮ ಹೆಂಡತಿ, ಅಮ್ಮ ಇಬ್ಬರೇ ಇದ್ದರೆ ಹುಡುಗರು ಒಳಗೆ ಬರಲ್ಲ. ಗಂಡಸರು ಯಾರಾದರೂ ಇರಬೇಕು ಅನ್ನೋದು ಅವರ ಕಟ್ಟುಪಾಡು. ಅಮ್ಮ 'ಬಾರಪ್ಪ, ಕೂತ್ಕೋ' ಅಂದಾಗ ಅವರು ಹಿಂಜರಿದರೆ ಬೇಜಾರು ಮಾಡಿಕೊಳ್ಳೋದು ಬೇಡ ಅಂತ ಹೇಳಿಡಿ. ಹೆಸರು ಹಿಡಿದು ಕರೆಯೋ ರೂಢಿ ಇಲ್ಲ. ಹುಡುಗರಾದರೆ ಎಲ್ಡರ್, ಹುಡುಗಿಯರಾದರೆ ಸಿಸ್ಟರ್, ಮುಂದೆ ಮನೆತನದ ಹೆಸರು. ಹತ್ತೊಂಬತ್ತರ ಹುಡುಗನಿಗೆ ಹಿರಿಯ ಅನ್ನೋ ಪದವಿ ಅಂತ ನಗು ಬರಬಹುದು, ಅಭ್ಯಾಸ ಆಗುತ್ತೆ.

ಕಾಫಿ ಕೊಡಬೇಡಿ. ಫಿಲ್ಟರ್ ಕಾಫಿ, ಟೀ, ಗ್ರೀನ್ ಟೀ ಯಾವುದೂ ಆಗಲ್ಲ, ಮದ್ಯ ತಂಬಾಕಂತೂ ಇಲ್ಲವೇ ಇಲ್ಲ. ಮಜ್ಜಿಗೆ, ಪಾನಕ, ಬಾದಾಮಿ ಹಾಲು, ಟೀ ಎಲೆ ಬೀಳದ ಶುಂಠಿ ಕಷಾಯ, ಎಲ್ಲ ನಡೆಯುತ್ತೆ. ಊಟಕ್ಕೆ ಕರೆದರೆ ಖುಷಿಯಾಗಿ ಬರುತ್ತಾರೆ, ಸಸ್ಯಾಹಾರಕ್ಕೆ ತಕರಾರಿಲ್ಲ. ಆದರೆ ನಮ್ಮ ಹಾಗೆ ಒಂಬತ್ತಕ್ಕೆ ಎಲೆ ಹಾಕಿದರೆ ಆಗಲ್ಲ. ಸಂಜೆ ಐದೂವರೆ ಆರಕ್ಕೆ ಕರೆಯಿರಿ, ಒಂದು ಗಂಟೆಯಲ್ಲಿ ಮುಗಿಸಿ. ಬಿಸಿಬೇಳೆ ಬಾತಿಗೆ ಖಾರ ಅರ್ಧ ಹಾಕಿ, ಗೋಡಂಬಿ ಕಡಲೇಕಾಯಿ ಅಲರ್ಜಿ ಇದೆಯಾ ಅಂತ ಮೊದಲೇ ಕೇಳಿ. ಎಷ್ಟು ಬಡಿಸಿದರೂ ಬೇಡ ಅನ್ನದೆ ತಿನ್ನುವವರು ಇರುತ್ತಾರೆ. ವಲಸಿಗರ ಮನೆಗಳಲ್ಲಿ ಊಟ ಬೇಡ ಅಂದರೆ ಅವಮಾನ ಅಂತ ಕಲಿತಿರುತ್ತಾರೆ, ಅದೇ ಸಂಜೆ ಇನ್ನೊಂದು ಮನೆಯಲ್ಲಿ ಒಂದು ಊಟ ಆಗಿದ್ದರೂ ಬಾಯಿಬಿಡಲ್ಲ. ಎರಡನೇ ಸಲ ಬಡಿಸುವಾಗ ಅಮ್ಮನ ಕೈ ಹಿಡಿಯಿರಿ.

ಮನೆ ಬದಲಾಯಿಸುವಾಗ ಸೋಫಾ ಹೊರೋಕೆ, ಹಿಮ ಗೋರೋಕೆ ಕೇಳಿ, ಬರುತ್ತಾರೆ. ಮಗು ನೋಡಿಕೊಳ್ಳಿ, ಏರ್‌ಪೋರ್ಟಿಗೆ ಬಿಡಿ, ಕೈಸಾಲ ಕೊಡಿ ಅಂತ ಕೇಳಬೇಡಿ. ಮೂರಕ್ಕೂ ಅವರಿಗೆ ಅನುಮತಿ ಇಲ್ಲ. ಹಾಗೇ, ಸಹಾಯ ಪಡೆದ ಋಣಕ್ಕೆ ಅವರ ಧರ್ಮದ ಪಾಠ ಕೇಳಬೇಕಾಗಿಲ್ಲ.

ಹೆಚ್ಚು ಎಡವಟ್ಟಾಗೋದು ನಮ್ಮ ದಾಕ್ಷಿಣ್ಯದಿಂದ. ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನೋಕೆ ಆಗದೆ 'ಮುಂದಿನ ವಾರ ನೋಡೋಣ' ಅನ್ನುತ್ತೇವೆ. ಅವರು ಅಲ್ಲೇ ಫೋನ್ ತೆಗೆದು ದಿನ, ಹೊತ್ತು ಗುರುತು ಹಾಕಿಕೊಳ್ಳುತ್ತಾರೆ. ನೀವು ಬಾಗಿಲು ತೆಗೆಯದೆ ಒಳಗೆ ದೀಪ ಆರಿಸಿ ಕೂತರೆ, ಇನ್ನೊಂದು ದಿನ ಬರುತ್ತಾರೆ. ಮೊದಲ ಒಂದೆರಡು ಭೇಟಿಯಲ್ಲೇ ಅವರ ಧರ್ಮಗ್ರಂಥ ಬುಕ್ ಆಫ್ ಮಾರ್ಮನ್ ಓದಿ, ಪ್ರಾರ್ಥನೆ ಮಾಡಿ, ಭಾನುವಾರ ಚರ್ಚಿಗೆ ಬನ್ನಿ ಅಂತ ಕೇಳುತ್ತಾರೆ, ಚರ್ಚಿಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಮಾತೂ ಬೇಗ ಬರುತ್ತೆ. ಇದರಲ್ಲಿ ಮೋಸ ಏನಿಲ್ಲ, ಬಂದಿರೋದೇ ಅದಕ್ಕೆ. ಆಸಕ್ತಿ ಇದ್ದರೆ ಕೇಳಿ. ಇಲ್ಲದಿದ್ದರೆ 'ನಾವು ಹಿಂದೂಗಳು, ಪಾಠ ಬೇಡ, ಸ್ನೇಹಕ್ಕೆ ಬನ್ನಿ' ಅಂತ ಮೊದಲ ದಿನವೇ ಅಂದುಬಿಡಿ. ಅವರು ಬಾಗಿಲಿಂದ ಬಾಗಿಲಿಗೆ ಬೇಡ ಕೇಳಿಯೇ ದಿನ ಕಳೆಯುವವರು, ನೊಂದುಕೊಳ್ಳಲ್ಲ. ಹದಿನೆಂಟು ತುಂಬದ ಮಕ್ಕಳಿಗೆ ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ದೀಕ್ಷಾಸ್ನಾನ ಕೊಡುವಂತಿಲ್ಲ, ಆ ಭಯ ಬೇಡ. ಅಕ್ಕಪಕ್ಕದ ಮನೆಯವರೆಲ್ಲ ಅದೇ ಚರ್ಚಿನವರಾದರೆ ಏನಂದುಕೊಳ್ಳುತ್ತಾರೋ ಅಂತಲೂ ಯೋಚಿಸಬೇಡಿ. ಸೌತ್ ಜೋರ್ಡನ್‌ನ ಗಣೇಶ ದೇವಸ್ಥಾನಕ್ಕೆ ಹೋಗುತ್ತೇವೆ ಅಂದರೆ ಅವರಿಗೆ ಕುತೂಹಲವೇ ಹೆಚ್ಚು.

ಇನ್ನೊಂದು ಮಾತನ್ನು ಯಾರೂ ಮೊದಲೇ ಹೇಳಲ್ಲ. ಸುಮಾರು ಆರು ವಾರಕ್ಕೊಮ್ಮೆ ವರ್ಗಾವಣೆಯ ಸುತ್ತು ಬರುತ್ತೆ. ಅಮ್ಮನಿಗೆ ಮೊಮ್ಮಗನ ಹಾಗೆ ಹತ್ತಿರವಾದವನು ಒಂದು ವಾರ ಬಂದು ಟಾಟಾ ಹೇಳಿ ಹೋದರೆ, ಮುಂದಿನ ವಾರ ಅದೇ ಬಾಗಿಲಿಗೆ ಹೊಸಬ. ನಿಮ್ಮ ಹೆಸರು, ವಿಳಾಸ ಮಿಷನರಿಗಳ ಆ್ಯಪಿನಲ್ಲಿ ಉಳಿದಿರುತ್ತೆ, ಹೊಸ ಜೋಡಿಗೆ ಅಲ್ಲಿಂದಲೇ ಸಿಗುತ್ತೆ. ಊರಲ್ಲಿ ನೆಂಟರಿಲ್ಲದ ಹೊಸ ವಲಸಿಗರಿಗೆ ಈ ಬದಲಾವಣೆ ತಟ್ಟುವಷ್ಟು ಇನ್ಯಾರಿಗೂ ತಟ್ಟಲ್ಲ. ಎಷ್ಟೋ ಜನ ಚರ್ಚಿಗೆ ಸೇರೋದು ಆ ಹುಡುಗರ ಅಕ್ಕರೆಗೆ, ಅವರು ಹೋದ ಮೇಲೆ ಭಾನುವಾರ ಬಿಡೋದೂ ಅದಕ್ಕೇ. ಮತ್ತೆ ಬರೋದೇ ಬೇಡ ಅಂತಿದ್ದರೆ 'ನಮ್ಮನ್ನು ಸಂಪರ್ಕಿಸಬೇಡಿ ಅಂತ ದಾಖಲು ಮಾಡಿ' ಅಂತ ಬಿಡಿಸಿ ಹೇಳಿ.

ಇಂಗ್ಲಿಷ್ ತರಗತಿ ನಿಜವಾಗಿಯೂ ಉಚಿತ, ಸದಸ್ಯರಲ್ಲದವರೂ ಬರಬಹುದು. ಆರಂಭಕ್ಕೆ ಪ್ರಾರ್ಥನೆ ಇರುತ್ತೆ, ಪಾಠದ ನಡುವೆ ದೇವರ ಮಾತೂ ಸ್ವಲ್ಪ ಬರುತ್ತೆ, ಅಮ್ಮನಿಗೆ ಹೇಳಿಯೇ ಕಳಿಸಿ. ಅಂಗಡಿಯಲ್ಲಿ ಬೆಲೆ ಕೇಳೋದು, ಡಾಕ್ಟರ ಹತ್ತಿರ ನೋವು ಹೇಳೋದು, ಇಂಥ ಮಾತಿನ ರೂಢಿಗೆ ಚೆನ್ನಾಗಿದೆ. ವ್ಯಾಕರಣಕ್ಕೆ ಸಾಲದು. ಕಲಿಸುವವರು ಹತ್ತೊಂಬತ್ತರ ಹುಡುಗರು, ಮೇಷ್ಟ್ರಲ್ಲ, ಮತ್ತೆ ಕೋರ್ಸಿನ ನಡುವೆ ಬದಲಾಗುತ್ತಾರೆ. ಕ್ರಮವಾಗಿ ಕಲಿಯಬೇಕೆಂದರೆ ನಿಮ್ಮ ಕಡೆಯ ಸರಕಾರಿ ಶಾಲೆಗಳನ್ನು ನಡೆಸುವ ಗ್ರಾನೈಟ್ ಶಾಲಾ ಜಿಲ್ಲೆಯ ವಯಸ್ಕರ ಶಿಕ್ಷಣ ವಿಭಾಗದಲ್ಲಿ ವಿಚಾರಿಸಿ. ಅಮ್ಮ ಬಂದಿರೋದು ವಿಸಿಟರ್ ವೀಸಾದಲ್ಲಾದರೆ ಸೇರಿಸಿಕೊಳ್ಳುತ್ತಾರಾ ಅಂತ ಮೊದಲೇ ಕೇಳಿ. ಚರ್ಚಿನ ತರಗತಿಗೆ ಸಾಮಾನ್ಯವಾಗಿ ಈ ರಗಳೆ ಇರಲ್ಲ.